ಮೂಗಿಟ್ಟು ಆರಿಸಿದ ಬೂಟು

ನಮ್ಮವರು ಬೂಟು ರಿಪೇರಿ ಮಾಡುತ್ತಿದ್ದರು. ಹೋಗಿ ಹನ್ನೊಂದು ತಿಂಗಳಾಯಿತು.

ಬೂಟು ಕೊಳ್ಳುವ ಮೊದಲು ಏನೇನು ನೋಡಬೇಕು ಅಂತ ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಯಾರೂ ಇಲ್ಲ. ಇದು ಜಂಬದ ಮಾತಲ್ಲ. ಮೂವತ್ತೊಂದು ವರ್ಷ ಊಟಕ್ಕೆ ಕೂತಾಗಲೆಲ್ಲ ಕೇಳಿದ್ದು ಅದೊಂದೇ. ಬೇರೆ ಹೆಂಗಸರ ಗಂಡಂದಿರು ಊಟದ ಹೊತ್ತಿಗೆ ರಾಜಕೀಯ ಮಾತಾಡುತ್ತಾರಂತೆ, ಸಿನಿಮಾ ಮಾತಾಡುತ್ತಾರಂತೆ. ನಮ್ಮವರು ತುತ್ತು ಬಾಯಿಗಿಟ್ಟುಕೊಂಡು, "ಇವತ್ತೊಂದು ಬೂಟು ಬಂದಿತ್ತು ಕಣೇ..." ಅಂತ ಶುರು ಮಾಡುತ್ತಿದ್ದರು. ತಟ್ಟೆ ತೊಳೆದಿಟ್ಟು ಬಂದರೂ ಮಾತು ಆ ಬೂಟಿನ ಮೂತಿಯಲ್ಲೇ ಇರುತ್ತಿತ್ತು. ಹೀಲಿನ ತನಕ ಬರಲು ಇನ್ನೂ ಎರಡು ಊಟ ಬೇಕು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬೂಟಿನ ವಿಷಯದಲ್ಲಿ ಮಾತ್ರ ಎಂ.ಎ.

ಇಷ್ಟೆಲ್ಲ ಗೊತ್ತಿದ್ದೂ ಹೋದ ಶನಿವಾರ ನನ್ನ ಮಾನ ಮೂರಾಬಟ್ಟೆಯಾಯಿತು. ಹೇಗೆ ಅಂತ ಹೇಳುತ್ತೇನೆ. ನಗುವುದಾದರೆ ನಗಿ. ನನ್ನ ಮಗಳು ನಕ್ಕು ನಕ್ಕು ತಂದುಕೊಂಡ ಬಿಕ್ಕಳಿಕೆ ಎರಡು ದಿನ ನಿಲ್ಲಲಿಲ್ಲ.

ಜಗಳ ಎದ್ದದ್ದು ಅಂಗಡಿಯಿಂದ. ನಮ್ಮವರ ಅಂಗಡಿ ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ. ಅಂಗಡಿ ಅನ್ನುವುದು ದೊಡ್ಡ ಮಾತು. ಒಬ್ಬರು ಕೂತರೆ ಭರ್ತಿ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ನಮ್ಮವರ ನೆತ್ತಿ ಬೋಳಾದದ್ದು ವಯಸ್ಸಿಗಲ್ಲ, ಮೆಟ್ಟಿಲಿಗೆ. ಅವರು ಹೋದ ದಿನ ಹಾಕಿದ ಬೀಗ ಹಾಗೇ ಇತ್ತು. ಕಟ್ಟಡದ ಮಾಲೀಕರು ಹೇಳಿಕಳಿಸಿದರು. ನಡೆಸುವುದಾದರೆ ನಡೆಸಿ, ಇಲ್ಲದಿದ್ದರೆ ಸೋಮವಾರ ಬೀಗದ ಕೈ ಕೊಟ್ಟುಬಿಡಿ, ಕಸ ಗುಡಿಸುವವರಿಗೆ ಪೊರಕೆ ಬಕೆಟ್ಟು ಇಡಲು ಜಾಗ ಬೇಕು ಅಂತ.

ಪೊರಕೆ! ಬಕೆಟ್ಟು!

"ನಾನು ಕೂತ್ಕೋತೀನಿ" ಅಂದೆ.

"ಎಲ್ಲಿ?" ಅಂದಳು ಮಗಳು.

"ಅಂಗಡೀಲಿ."

"ಕೂತು?"

"ನಿಮ್ಮಪ್ಪ ಏನ್ ಮಾಡ್ತಿದ್ರೋ ಅದೇ."

"ಅಪ್ಪ ಬೂಟು ಹೊಲೀತಿದ್ರು ಕಣಮ್ಮ. ನೀನು ಹನ್ನೊಂದು ತಿಂಗಳಿಂದ ಗೋಡೆ ನೋಡ್ತಾ ಕೂತಿದ್ದೀಯ. ಅದರ ಮೇಲೆ ಆ ಮಫ್ಲರ್ ಬೇರೆ. ಬೇಸಿಗೇಲೂ ತೆಗೀಲಿಲ್ಲ. ಕುತ್ತಿಗೆ ತುಂಬ ಬೆವರುಸಾಲೆ."

ಮಫ್ಲರ್ ನಮ್ಮವರದ್ದು. ನೀಲಿ ಉಣ್ಣೆ. ಅದನ್ನು ನಾನು ಯಾಕೆ ಸುತ್ತಿಕೊಂಡಿರುತ್ತೇನೆ ಅಂತ ಕೇಳಬೇಡಿ. ಚಳಿ ಅಂದುಕೊಳ್ಳಿ.

ಅಷ್ಟರಲ್ಲಿ ಅಳಿಯಂದಿರು ಬಾಯಿ ಹಾಕಿದರು. ಅವರಿಗೆ ಹೋಟೆಲಿನಲ್ಲಿ ಕೆಲಸ. ಬಂದವರಿಗೆ ಬಾಗಿಲಲ್ಲಿ ನಿಂತು ನಗುವುದು. ಹೋದ ತಿಂಗಳು ಬಡ್ತಿ ಸಿಕ್ಕಿ ಈಗ ನಗುವವರಿಗೆಲ್ಲ ಹೆಡ್ಡು. ಹತ್ತು ಗಂಟೆ ನಿಂತೇ ಇರಬೇಕು. ಹಳೇ ಬೂಟು ಬಾಯಿ ಬಿಟ್ಟಿದೆ. ಹೋಟೆಲಿನ ದೊಡ್ಡವರು, "ಮುಖದ ನಗು ಚೆನ್ನಾಗಿದೆಯಪ್ಪ, ಬೂಟಿನ ನಗು ನಿಲ್ಲಿಸು" ಅಂದರಂತೆ. ಅಂದಿನಿಂದ ದುಬಾರಿ ಬೂಟಿನ ಚಿತ್ರಗಳನ್ನು ಫೋನಿನಲ್ಲಿ ಉಜ್ಜುತ್ತ ಕೂತಿದ್ದರು. ಮನುಷ್ಯ ಒಳ್ಳೆಯವರೇ. ಮಾತಿಗೆ ಖಾರ ಸ್ವಲ್ಪ ಜಾಸ್ತಿ.

"ಅತ್ತೆ, ನಿಮಗೆ ಗೊತ್ತಿರೋದೆಲ್ಲ ಕೇಳಿದ್ದು. ಅಡುಗೆ ಮನೆ ಬಾಗಿಲಲ್ಲಿ ನಿಂತು ವಾಸನೆ ತಗೊಂಡೋರೆಲ್ಲ ಅಡುಗೆ ಭಟ್ಟರಾಗಲ್ಲ."

"ನಿಮ್ಮ ಫೋನಿಗಿಂತ ನನ್ನ ಮೂಗಿಗೆ ಜಾಸ್ತಿ ಗೊತ್ತು."

"ಓಹೋ! ಹಾಗಾದ್ರೆ ಪಂದ್ಯ. ನಾಳೆ ಬೂಟು ತಗೊಳ್ಳೋಕೆ ಹೋಗ್ತೀನಿ, ನೀವೂ ಬನ್ನಿ. ಅಂಗಡೀಲಿರೋದ್ರಲ್ಲಿ ಎಲ್ಲಕ್ಕಿಂತ ಒಳ್ಳೇ ಜೊತೆ ಆರಿಸಿ. ಅಂಗಡಿಯೋರೇ ಹೌದು ಇದೇ ಒಳ್ಳೇದು ಅನ್ನಬೇಕು. ಗೆದ್ರೆ ಬೀಗದ ಕೈ ನಿಮ್ಮದು. ಸೋತ್ರೆ..."

"ಪೊರಕೆದು."

"ನಾನು ಹಾಗಂದ್ನಾ?"

"ಇನ್ನು ಹೇಗನ್ನಬೇಕಿತ್ತು?"

ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ತೆಗೆದು ಮೇಜಿನ ಮೇಲೆ ಟಣ್ ಅನ್ನಿಸಿದರು. ಮತ್ತೆ ಜೇಬಿಗೆ ಹಾಕಿಕೊಂಡರು.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೇ ತಲೆ ಬಾಚಿಕೊಂಡು ನಿಂತರು. ನಾನು ಏಳಲಿಲ್ಲ.

"ಮೂರು ಗಂಟೆ ಆಗ್ಲಿ."

"ಬೂಟಿಗೂ ಮುಹೂರ್ತ ನೋಡ್ಬೇಕಾ ಅತ್ತೆ?"

"ಕಾಲು ಸಂಜೆ ಹೊತ್ತಿಗೆ ಊದುತ್ತೆ. ಬೆಳಿಗ್ಗೆ ಮುದ್ದಾಡೋ ಬೂಟು ಸಂಜೆಗೆ ಕಚ್ಚುತ್ತೆ. ಇನ್ನೊಂದು, ದಿನಾ ಹಾಕೋ ಕಾಲುಚೀಲನೇ ಹಾಕ್ಕೊಂಡು ಬನ್ನಿ. ತೆಳ್ಳಗಿನ ಹೊಸದು ಹಾಕ್ಕೊಂಡು ಅಳತೆ ನೋಡಿದ್ರೆ ಮೋಸ."

ಅಳಿಯಂದಿರು ಹೇಳಿದಂತೆ ಕೇಳಿದರು. ದಿನಾ ಹಾಕುವ ಕಾಲುಚೀಲದಲ್ಲಿ ಹೆಬ್ಬೆರಳಿನಷ್ಟು ತೂತಿತ್ತು. ಅದು ನನಗೆ ಗೊತ್ತಿರಲಿಲ್ಲ. ಅಂಗಡಿಗೆ ಹೋದ ಮೇಲೆ ಎಲ್ಲರಿಗೂ ಗೊತ್ತಾಯಿತು.

ಅಂಗಡಿಯೇ ಅದು? ಅರಮನೆ. ಗಾಜಿನ ಬಾಗಿಲು ತಾನಾಗಿ ತೆರೆಯಿತು. ನಾನು ಬೆಚ್ಚಿ ಹಿಂದೆ ಸರಿದೆ. ಮುಚ್ಚಿತು. ಮುಂದೆ ಬಂದೆ. ತೆರೆಯಿತು. ಹೀಗೆ ಮೂರು ಸಲ ನನಗೆ ಗೌರವ ಸಲ್ಲಿಸಿದ ಮೇಲೆ ಮಗಳು ಬೆನ್ನಿಗೆ ಕೈ ಕೊಟ್ಟು ದೂಡಿದಳು. ಒಳಗೆ ದೀಪವೋ ದೀಪ. ಒಂದೊಂದು ಬೂಟಿನ ತಲೆಯ ಮೇಲೂ ಒಂದೊಂದು ದೀಪ. ನಮ್ಮವರು ಒಂದೇ ಬಲ್ಬಿನಲ್ಲಿ ಮೂವತ್ತು ವರ್ಷ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು.

ಕೆಂಪು ಟೈ ಕಟ್ಟಿದ ಒಬ್ಬರು ಬಂದರು. (ಹೆಸರು ಕೇಳಲಿಲ್ಲ. ಟೈ ಅನ್ನುತ್ತೇನೆ.) ಟೈ ಒಂದು ಕಂದು ಬೂಟನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹೊತ್ತು ತಂದರು.

"ಪ್ಯೂರ್ ಲೆದರ್ ಮೇಡಂ. ಫುಲ್ ಹ್ಯಾಂಡ್ ಮೇಡ್."

ಬೆಲೆ ಹೇಳಿದರು.

"ಎರಡೂ ಕಾಲಿಗೆ ಸೇರಿ ತಾನೆ?" ಅಂದೆ.

ಟೈ ನಕ್ಕರು. ನಾನು ನಗಲಿಲ್ಲ. ಬೂಟು ತೆಗೆದುಕೊಂಡು ಮೂಗು ಒಳಗಿಟ್ಟೆ. ಮೂಗೊಂದೇ ಅಲ್ಲ, ಕನ್ನಡಕದ ತನಕ ಒಳಗೆ ಹೋದೆ.

"ಮೇಡಂ? ಮೇಡಂಗೆ ಹುಷಾರಿಲ್ವಾ?"

"ಬೂಟಿಗೆ ಹುಷಾರಿಲ್ಲ" ಅಂದೆ ಒಳಗಿನಿಂದಲೇ. "ಪೇಂಟ್ ಡಬ್ಬದ ವಾಸನೆ."

ನಮ್ಮವರು ಹೇಳುತ್ತಿದ್ದರು. "ಪಾಲಿಶ್ ಕಣ್ಣಿಗೆ ಮೋಸ ಮಾಡುತ್ತೆ ಕಣೇ, ಮೂಗಿಗೆ ಮಾಡೋಕಾಗಲ್ಲ." ಆಮೇಲೆ ಹೆಬ್ಬೆರಳಿಂದ ಮೂತಿ ಒತ್ತಬೇಕು. ನಿಜವಾದ ಚರ್ಮ ಸಣ್ಣ ಸಣ್ಣ ಸುಕ್ಕು ತೋರಿಸಿ, ಬಿಟ್ಟ ಕೂಡಲೇ ಮುಖ ಸರಿ ಮಾಡಿಕೊಳ್ಳುತ್ತದೆ. ಸುಳ್ಳು ಚರ್ಮ ಗುಳಿ ಬಿದ್ದು ಪೆಚ್ಚಾಗಿ ಕೂರುತ್ತದೆ. (ನೆಂಟರಲ್ಲೂ ಎರಡು ಥರ ಇದ್ದಾರೆ. ಕಷ್ಟದಲ್ಲಿ ಒತ್ತಿ ನೋಡಿದ್ದೇನೆ.) ಒತ್ತಿದೆ. ಪೆಚ್ಚಾಗಿ ಕೂತಿತು.

"ಬೇರೆ ತನ್ನಿ."

ಬೇರೆ ತಂದರು. ಬಗ್ಗಿಸಿದೆ. ಬೂಟು ಬಗ್ಗಬೇಕಾದ್ದು ಕಾಲ್ಬೆರಳು ಮಡಿಸುವ ಜಾಗದಲ್ಲಿ. ಇದು ಸೊಂಟದಲ್ಲಿ ಬಗ್ಗಿತು.

"ಇದು ಬೂಟಲ್ಲ, ಸರ್ಕಸ್ಸು. ಬೇರೆ ತನ್ನಿ."

ಮೂರನೆಯದನ್ನು ಗಾಜಿನ ಮೇಜಿನ ಮೇಲಿಟ್ಟು ಬೆರಳಿಂದ ತಟ್ಟಿದೆ. ಟಕಟಕ ಅಂತ ಅಲುಗಿತು. ಯಾರೂ ಹಾಕಿಕೊಳ್ಳುವ ಮೊದಲೇ ಕುಂಟು. ನಾಲ್ಕನೆಯದರ ಒಳಗೆ ಕೈ ಹಾಕಿದೆ. ಗೋಂದಿನ ಗಂಟುಗಳು, ಹುಣಸೆ ಬೀಜದ ಗಾತ್ರ. ಐದನೆಯದರ ಒಳಗಿನ ಅಟ್ಟೆಯನ್ನು ಉಗುರಿನಿಂದ ಎಬ್ಬಿಸಿದೆ. ಕೆಳಗೆ ರಟ್ಟು. ಅದರ ಮೇಲೆ ಇನ್ಯಾವುದೋ ಡಬ್ಬದ ಅಕ್ಷರ ಕೂಡ ಇತ್ತು.

"ಓದಿ" ಅಂತ ಟೈ ಕೈಗೆ ಕೊಟ್ಟೆ.

ಟೈ ಓದಿದರು. "ಬಿಸ್ಕತ್ತು."

"ಇದಕ್ಕಾ ಅಷ್ಟು ಬೆಲೆ? ಬಿಸ್ಕತ್ತೂ ಜೊತೇಲಿ ಕೊಡ್ತೀರಾ?"

ಅಳಿಯಂದಿರು ಒಂದು ಕಾಲಿನ ಹೆಬ್ಬೆರಳನ್ನು ಇನ್ನೊಂದು ಕಾಲಿನ ಹಿಂದೆ ಬಚ್ಚಿಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತಿದ್ದರು. "ಅತ್ತೆ, ಸಾಕು. ಮೆಲ್ಲಗೆ" ಅಂದರು. ಮಗಳು ಆಗಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು, ನಗು ತಡೆದು ತಡೆದು ಬಿಕ್ಕಳಿಕೆ ಹತ್ತಿತ್ತು.

ಸಾಕು ಅಂದರೆ ಹೇಗೆ? ಇನ್ನೂ ನೀರಿನ ಪರೀಕ್ಷೆ ಇತ್ತು. ಬೂಟಿಗೂ ನಾಲಗೆ ಉಂಟು, ಲೇಸಿನ ಕೆಳಗೆ. ಅದರ ಹಿಂಬದಿಗೆ ಯಾರೂ ಪಾಲಿಶ್ ಹಚ್ಚುವುದಿಲ್ಲ. ಅಲ್ಲಿ ಒಂದು ಹನಿ ನೀರು ಬಿಡಬೇಕು. ಚರ್ಮವಾದರೆ ನಿಧಾನ ಕುಡಿಯುತ್ತದೆ. ಪ್ಲಾಸ್ಟಿಕ್ಕಾದರೆ ಹನಿ ಕೆಸುವಿನ ಎಲೆ ಮೇಲಿನ ಹಾಗೆ ಉರುಳಾಡುತ್ತದೆ. ಚೀಲದಿಂದ ನೀರಿನ ಬಾಟಲಿ ತೆಗೆದೆ. ಟೈ, "ಅಯ್ಯೋ ಬೇಡ ಮೇಡಂ!" ಅಂತ ಹಾರಿ ಬಂದು ಕೈ ಹಿಡಿದರು. ಅವರು ಹಿಡಿಯದಿದ್ದರೆ ಒಂದೇ ಹನಿ ಬೀಳುತ್ತಿತ್ತು. ಹಿಡಿದದ್ದಕ್ಕೆ ಅರ್ಧ ಬಾಟಲಿ ಬಿತ್ತು. ಬೂಟು ತುಂಬಿತು.

ಒಂದು ಮಾತು ಹೇಳಬೇಕು. ಒಂದು ತೊಟ್ಟೂ ಸೋರಲಿಲ್ಲ. ಪ್ಲಾಸ್ಟಿಕ್ಕಿನ ಗುಣ ಅದು.

ಅಷ್ಟು ಹೊತ್ತಿಗೆ ಜನ ಸೇರಿದ್ದರು. ಒಬ್ಬ ನರ್ಸಮ್ಮ ತಾನು ಆರಿಸಿಕೊಂಡಿದ್ದ ಜೊತೆಯನ್ನು ನನ್ನ ಮುಂದೆ ಹಿಡಿದಳು.

"ಅಮ್ಮಾ, ಇದು ನೋಡಿ ಸ್ವಲ್ಪ."

ಮೂಗಿಟ್ಟೆ. "ರಟ್ಟು."

"ಇದು?" ಅಂದರು ಒಬ್ಬ ದಪ್ಪನೆಯವರು.

"ರಟ್ಟಿನ ತಮ್ಮ."

"ಇದು ಫಾರಿನ್ನಿಂದು ಕಣ್ರೀ."

"ಫಾರಿನ್ ರಟ್ಟು."

ಸಾಲು ನಿಂತಿತು. ನನಗೆ ಕೂರಲು ಸ್ಟೂಲು ಯಾರೋ ತಂದರು. ಸತ್ಯ ಹೇಳುತ್ತೇನೆ, ಹನ್ನೊಂದು ತಿಂಗಳಲ್ಲಿ ಅಷ್ಟು ಹುರುಪು ನನಗೆ ಬಂದಿರಲಿಲ್ಲ. ಕೆನ್ನೆ ಬಿಸಿಯಾಗಿತ್ತು. ಜನ ಬೂಟು ಕೊಡುತ್ತಾರೆ, ನಾನು ತೀರ್ಪು ಕೊಡುತ್ತೇನೆ, ಟೈ ಅವನ್ನೆಲ್ಲ ಬಾಚಿಕೊಂಡು ಡಬ್ಬಕ್ಕೆ ತುಂಬುತ್ತಾರೆ. ಹೈಕೋರ್ಟು ಜಡ್ಜಿಗೂ ಇಷ್ಟು ಬೇಗ ಕೇಸು ಮುಗಿಯುವುದಿಲ್ಲ.

ಮೇನೇಜರು ಬಂದರು. ಮೊದಲು ಹೊಟ್ಟೆ ಬಂತು, ಆಮೇಲೆ ಮೀಸೆ, ಆಮೇಲೆ ಅವರು.

"ಮೇಡಂ, ನೀವು ತಗೊಳ್ಳೋಕೆ ಬಂದಿದ್ದೀರಾ, ನಮ್ಮ ಅಂಗಡಿ ಮುಚ್ಚಿಸೋಕೆ ಬಂದಿದ್ದೀರಾ?"

"ಒಂದು ಒಳ್ಳೇ ಜೊತೆ ತೋರಿಸಿ. ಎದ್ದು ಹೋಗ್ತೀನಿ."

ಆಗ ಕಂಡಿತು. ಬಿಲ್ಲು ಹಾಕುವ ಮೇಜಿನ ಪಕ್ಕ, ಒಂದು ಕುರ್ಚಿಯ ಮೇಲೆ, ಕರಿ ಬೂಟು. ಲೇಸಿನದ್ದು. ತಲೆ ಮೇಲೆ ದೀಪವಿಲ್ಲ, ಬೆಲೆಯ ಚೀಟಿಯಿಲ್ಲ. ಆದರೆ ಹೊಳಪು! ನನ್ನ ಮುಖ ಕಂಡಿತು ಅದರಲ್ಲಿ. ಮಫ್ಲರ್ ಸಮೇತ.

ಎದ್ದು ಹೋಗಿ ಕೈಗೆತ್ತಿಕೊಂಡೆ. ಒತ್ತಿದೆ. ಸಣ್ಣ ಸುಕ್ಕು, ಮರುಗಳಿಗೆ ನುಣುಪು. ಬಗ್ಗಿಸಿದೆ. ಬೆರಳ ಜಾಗದಲ್ಲೇ ಬಗ್ಗಿತು. ನೆಲದ ಮೇಲಿಟ್ಟು ತಟ್ಟಿದೆ. ಬಂಡೆ. ಒಳಗೆ ಕೈ ಹಾಕಿದೆ. ಅಂಗೈ ಹಾಗೆ ನುಣ್ಣಗಿತ್ತು. ಮೂಗಿಟ್ಟೆ.

ಚರ್ಮ, ಮೇಣ, ಸ್ವಲ್ಪ ಸೀಮೆಎಣ್ಣೆ. ಒಂದು ಗಳಿಗೆ ನನಗೆ ಏನೋ ಆಯಿತು. ಧೂಳಿರಬೇಕು ಅಂದುಕೊಂಡೆ. ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡು ಕೊನೆಯ ಪರೀಕ್ಷೆಗೆ ಇಳಿದೆ.

ಕೊನೆಯದು ಹೊಲಿಗೆ. ಈಗಿನ ಬೂಟುಗಳಲ್ಲಿ ಅಡಿಯ ಸುತ್ತ ಕಾಣುವುದು ಹೊಲಿಗೆಯಲ್ಲ, ಹೊಲಿಗೆಯ ಹಾಗೆ ಒತ್ತಿದ ಗೀರು. ಅದಕ್ಕೆ ಪಿನ್ನಿನ ತುದಿಯಿಂದ ಎಬ್ಬಿಸಿ ನೋಡಬೇಕು. ಬಟ್ಟೆಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ಎಬ್ಬಿಸಿದೆ. ನಿಜವಾದ ದಾರ. ಇನ್ನಷ್ಟು ಎಬ್ಬಿಸಿದೆ. ಗಟ್ಟಿ. ಇನ್ನೂ ಸ್ವಲ್ಪ.

ಟಪ್.

ಒಂದು ಹೊಲಿಗೆ ಹೋಯಿತು. ಅದರ ಪಕ್ಕದ್ದು ಮಾತ್ರ ಅಲುಗಲಿಲ್ಲ. ಮಷಿನ್ ಹೊಲಿಗೆಯಾದರೆ ಒಂದು ಬಿಟ್ಟರೆ ಉಳಿದವೆಲ್ಲ ಅದರ ಹಿಂದೆ ಓಡುತ್ತವೆ. ಎರಡು ಸೂಜಿ ಎದುರುಬದುರು ಹಾಕಿ ಕೈಯಲ್ಲಿ ಹೊಲಿದದ್ದು ಹಾಗಲ್ಲ. ಒಬ್ಬ ಹೋದರೂ ಉಳಿದವರು ನಿಂತಿರುತ್ತಾರೆ.

ನಾನು ಬೂಟನ್ನು ಎತ್ತಿ ಹಿಡಿದೆ. ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಬಾಯಿ ಸುಮ್ಮನಿರುವುದಿಲ್ಲ.

"ಇದು ಹೊಲಿಗೆ! ಈ ಕೈ ಯಾರದ್ದೋ ಏನೋ, ಕಣ್ಣಿಗೊತ್ತಿಕೋಬೇಕು. ನಮ್ಮ ಮನೆಯವರೂ ಮೂವತ್ತು ವರ್ಷ ಬೂಟು ಹೊಲಿದ್ರು. ಒಂದು ದಿನ ಇಂಥ ಹೊಲಿಗೆ ಹಾಕಲಿಲ್ಲ. ಈ ಮನುಷ್ಯನ ಹತ್ರ ನಾಲ್ಕು ದಿನ ಕೂತು ಕಲೀಬೇಕಿತ್ತು ಅವರು!"

ನಾನು ಹಾಗಂದದ್ದಕ್ಕೆ ಕಾರಣವಿತ್ತು. ನಮ್ಮವರು ಮನೆಗೆ ತರುತ್ತಿದ್ದದ್ದು ಹರಿದ ಬೂಟುಗಳನ್ನು. ರಾತ್ರಿ ನೆನೆಹಾಕಿ ಬೆಳಿಗ್ಗೆ ಒಯ್ಯುತ್ತಿದ್ದರು. ಹೊಲಿದದ್ದು ಅಂಗಡಿಯಿಂದಲೇ ಗಿರಾಕಿಯ ಕಾಲಿಗೆ ಹೋಗುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವರು ಮುಗಿಸಿದ ಒಂದು ಬೂಟನ್ನೂ ನಾನು ನೋಡಿರಲಿಲ್ಲ. ನೋಡಿದ್ದು ಒಂದು ದಿಂಬು. ನನ್ನ ಕಾಟಕ್ಕೆ ಒಮ್ಮೆ ಹೊಲಿದುಕೊಟ್ಟಿದ್ದರು. ಎರಡನೇ ದಿನ ಹತ್ತಿಯೆಲ್ಲ ನನ್ನ ಮೂಗಿಗೆ ಬಂದಿತ್ತು.

"ಇದೇ. ಡಬ್ಬಕ್ಕೆ ಹಾಕಿ" ಅಂದೆ.

ಟೈ ಬೆವರೊರೆಸಿಕೊಂಡರು. "ಮೇಡಂ, ಅದು ಮಾರೋದಲ್ಲ."

"ಯಾಕಲ್ಲ? ಒಳ್ಳೇದನ್ನ ಬಚ್ಚಿಟ್ಟು ನಮಗೆ ಬಿಸ್ಕತ್ತು ಡಬ್ಬ ಕೊಡ್ತೀರಾ?"

"ಅದೇ ತಾನೆ!" ಅಂದಳು ನರ್ಸಮ್ಮ. "ನಂಗೂ ಅದೇ ಬೇಕು" ಅಂದರು ದಪ್ಪನೆಯವರು. ಗಲಾಟೆಯೋ ಗಲಾಟೆ.

"ಯಾರದು? ನನ್ನ ಬೂಟು ಕೆಳಗಿಡಿ!"

ಕಹಳೆ ಊದಿದಂಥ ದನಿ. ಕನ್ನಡಿಯ ಕಡೆಯಿಂದ ಒಬ್ಬರು ಬಂದರು. ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ರಬ್ಬರ್ ಚಪ್ಪಲಿ. ಬೆಳ್ಳಗಿನ ಗಡ್ಡ. ಬ್ಯಾಂಡ್ ಬಾರಿಸುವವರಿಗೆ ಮಾಸ್ತರು ಅಂತ ಆಮೇಲೆ ಗೊತ್ತಾಯಿತು.

"ಇದು ನಿಮ್ದಾ?" ಅಂದೆ.

"ಹದಿನಾಲ್ಕು ವರ್ಷದಿಂದ ನಂದೇ. ಕಾರ್ಯಕ್ರಮದ ದಿನ ಮಾತ್ರ ಹಾಕ್ಕೊಳ್ಳೋದು. ಇಂಥದ್ದೇ ಇನ್ನೊಂದು ಜೊತೆ ಕೊಡಿ ಅಂತ ತೋರಿಸೋಕೆ ತಂದಿದ್ದೆ."

ಹಳೇ ಬೂಟು! ಅಷ್ಟು ಹೊತ್ತು ಊರಿಗೆಲ್ಲ ತೀರ್ಪು ಕೊಟ್ಟ ನಾನು ಯಾರದೋ ಹದಿನಾಲ್ಕು ವರ್ಷದ ಬೂಟಿಗೆ ಮೂಗಿಟ್ಟು ಹಾಡಿ ಹೊಗಳಿದ್ದೆ. ಸಾಲಿನಲ್ಲಿದ್ದವರು ಕಿಸಕ್ಕೆಂದರು. ಮೇನೇಜರ ಹೊಟ್ಟೆ ಕುಣಿಯಿತು. ಅಳಿಯಂದಿರು ನನ್ನ ಕಿವಿಯ ಹತ್ತಿರ ಬಂದು, "ಪೊರಕೆ" ಅಂದರು.

"ಹಳೇದಾದ್ರೆ ಅಡಿ ಯಾಕೆ ಹೊಸದಿದೆ?" ಅಂದೆ. ಸೋತರೂ ಬಿಡುವವಳಲ್ಲ.

"ಅಡಿ ಹಾಕಿಸಿ ವರ್ಷ ಆಯ್ತಮ್ಮ. ಮೂರು ಸಲ ಹಾಕಿಕೊಟ್ಟಿದ್ದಾರೆ ಆ ಮನುಷ್ಯ. ಈಗ ಹೋದ್ರೆ ಬೀಗ. ಇನ್ನು ಸವೆದ್ರೆ ಯಾರ ಹತ್ರ ಹೋಗೋದು ಅಂತಾನೇ ಹೊಸದು ಹುಡುಕ್ತಿರೋದು. ಮೂಕ ಅಂತ ಕರೀತಿದ್ವಿ ಅವರನ್ನ."

"ಮೂಕ್ರಾ?"

"ಮಾತೇ ಇಲ್ಲ. ಬೂಟು ಕೊಟ್ರೆ ತಲೆ ಆಡಿಸೋರು. ವಾಪಸ್ ಕೊಡುವಾಗ ಇನ್ನೊಂದು ಸಲ ಆಡಿಸೋರು. ಹದಿನಾಲ್ಕು ವರ್ಷದಲ್ಲಿ ಒಂದು ಮಾತು ಕೇಳಿದ್ರೆ ಹೇಳಿ!"

"ಪಾಪ" ಅಂದೆ. ನನಗೆ ನಿಜವಾಗಿ ಅಯ್ಯೋ ಅನ್ನಿಸಿತು. ಅಂಥವರನ್ನು ಕಟ್ಟಿಕೊಂಡವಳು ಪುಣ್ಯವಂತೆ, ಊಟವಾದರೂ ನೆಮ್ಮದಿಯಾಗಿ ಮಾಡಿರುತ್ತಾಳೆ ಅಂತಲೂ ಅನ್ನಿಸಿತು. "ಎಲ್ಲಿತ್ತು ಅವರ ಅಂಗಡಿ?"

"ಅಂಗಡಿ ಎಲ್ಲಿ ಬಂತು? ಒಂದು ಮೆಟ್ಟಿಲ ಕೆಳಗೆ, ತಲೆ ತಗ್ಗಿಸಿಕೊಂಡು. ಮಳೆ ಬರ್ಲಿ ಬಿಸಿಲಿರ್ಲಿ ಕುತ್ತಿಗೆಗೆ ಒಂದು ನೀಲಿ..."

ಮಾಸ್ತರು ಅಲ್ಲಿಗೆ ನಿಲ್ಲಿಸಿದರು. ನನ್ನ ಕುತ್ತಿಗೆ ನೋಡಿದರು. ಅಳಿಯಂದಿರು ನೋಡಿದರು. ಮಗಳ ಬಿಕ್ಕಳಿಕೆ ನಿಂತಿತು. ಟೈ, ಮೇನೇಜರು, ನರ್ಸಮ್ಮ, ಎಲ್ಲರೂ ನೋಡಿದರು.

ನಾನು ಬೂಟು ನೋಡಿದೆ.

ಮೂವತ್ತೊಂದು ವರ್ಷ ಅವರು ಹೇಳಿದ್ದನ್ನು ಒಂದೂ ಬಿಡದೆ ನೆನಪಿಟ್ಟಿದ್ದೆ. ಅವರು ಮಾಡಿದ್ದನ್ನು ಮಾತ್ರ ಗುರುತು ಹಿಡಿಯಲಿಲ್ಲ. ನಾಲ್ಕು ದಿನ ಕೂತು ಕಲೀಬೇಕಿತ್ತು ಅಂದೆ. ಯಾರ ಹತ್ತಿರ? ಅವರ ಹತ್ತಿರವೇ! ಕಣ್ಣಿಗೊತ್ತಿಕೊಳ್ಳಬೇಕು ಅಂದಿದ್ದೆನಲ್ಲ, ಒತ್ತಿಕೊಂಡೆ.

"ಅಮ್ಮಾ" ಅಂದಳು ಮಗಳು ಮೆಲ್ಲಗೆ.

"ಏನೂ ಇಲ್ಲ. ಧೂಳು."

"ಧೂಳಲ್ಲ. ಪಾಲಿಶ್. ಎರಡೂ ಕಣ್ಣು ಕಪ್ಪಾಗಿದೆ."

ಅಳಿಯಂದಿರು ಗಂಟಲು ಸರಿ ಮಾಡಿಕೊಂಡು ಮೇನೇಜರ ಕಡೆ ತಿರುಗಿದರು. "ಸಾರ್, ಒಂದು ಮಾತು ಹೇಳಿ. ಈಗ ಈ ಅಂಗಡಿ ಒಳಗಿರೋ ಬೂಟುಗಳಲ್ಲಿ ಎಲ್ಲಕ್ಕಿಂತ ಒಳ್ಳೇದು ಯಾವುದು?"

ಮೇನೇಜರು ಕರಿ ಬೂಟು ನೋಡಿದರು. ಸಾಲು ನೋಡಿದರು. ನೀರು ತುಂಬಿದ ಬೂಟು ನೋಡಿದರು. ಕೈ ಮುಗಿದರು. "ಇದೇ ಒಳ್ಳೇದು. ಇದಕ್ಕಿಂತ ಒಳ್ಳೇದು ನಮ್ಮಲ್ಲಿಲ್ಲ. ಒಪ್ಪಿಕೊಂಡೆ. ಇನ್ನಾದ್ರೂ ಹೊರಡ್ತೀರಾ?"

ಅಳಿಯಂದಿರು ಜೇಬಿಗೆ ಕೈ ಹಾಕಿ ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. ಈ ಸಲ ಟಣ್ ಅನ್ನಿಸಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು.

"ಇದೇನು!" ಅಂತ ಮಾಸ್ತರು ಕೂಗಿದರು. "ಎಡಗಾಲಿಂದು ಒಂದ್ ಹೊಲಿಗೆ ಕಿತ್ತಿದೆ! ತರುವಾಗ ಸರಿ ಇತ್ತಲ್ಲ! ಆರೂವರೆಗೆ ಕಾರ್ಯಕ್ರಮ ಇದೆ ನಂಗೆ!"

ಎಲ್ಲರೂ ನನ್ನ ಕೈಯಲ್ಲಿದ್ದ ಪಿನ್ನು ನೋಡಿದರು. ನಾನು ಅದನ್ನು ಬಾಯಲ್ಲಿಟ್ಟುಕೊಂಡೆ. ಆಮೇಲೆ ಅದು ಬಾಯಲ್ಲಿರುವಾಗ ಮಾತಾಡುವುದು ಕಷ್ಟ ಅಂತ ತೆಗೆದು, "ನಾನು ಹಾಕಿಕೊಡ್ತೀನಿ" ಅಂದೆ.

ಹೊಸ ಬೂಟು ಕೊಳ್ಳದೆ ನಾಲ್ವರೂ ಹೊರಟೆವು. ಗಾಜಿನ ಬಾಗಿಲು ನಾವು ಹತ್ತಿರ ಹೋಗುವ ಮೊದಲೇ ತೆರೆಯಿತು. ಮೇನೇಜರೇ ತೆರೆದು ಹಿಡಿದಿದ್ದರು.

ಬೀಗ ತೆರೆದೆ. ಒಳಗೆ ಎಲ್ಲ ಅವರು ಇಟ್ಟ ಜಾಗದಲ್ಲೇ ಇತ್ತು. ದಬ್ಬಳ, ಸೂಜಿ ಡಬ್ಬಿ, ಮೇಣದ ಉಂಡೆ, ಮೊಳೆಗೆ ನೇತುಹಾಕಿದ ಏಪ್ರನ್ನು. ಮೇಣದ ಮೇಲೆ ಅವರ ಹೆಬ್ಬೆರಳಿನ ಗುರುತಿತ್ತು. ಅದನ್ನು ಮುಟ್ಟದೆ ಇನ್ನೊಂದು ಬದಿಯಿಂದ ದಾರಕ್ಕೆ ಸವರಿದೆ. ಅವರ ಜಾಗದಲ್ಲಿ ಕೂತೆ. ಮಾಸ್ತರು ಹೊರಗೆ ಡಬ್ಬದ ಮೇಲೆ ಕೂತರು. ಮಗಳು ಫೋನಿನ ದೀಪ ಹಿಡಿದಳು. ಅಳಿಯಂದಿರು ಗಡಿಯಾರ ನೋಡುತ್ತ ನಿಂತರು.

ಒಂದೇ ಒಂದು ಹೊಲಿಗೆ. ಕೇಳಿ ಕಲಿತದ್ದು ಎಷ್ಟು ಅಂತ ಆಗ ಗೊತ್ತಾಯಿತು. ಅವರ ಮಾತಿನಲ್ಲಿ ದಾರ ತಾನಾಗಿ ಸೂಜಿಗೆ ಹೋಗುತ್ತಿತ್ತು. ಇಲ್ಲಿ ಹೋಗಲಿಲ್ಲ. ದಬ್ಬಳ ಬೂಟಿಗೆ ಹೋಗುವ ಮೊದಲು ಎರಡು ಸಲ ನನ್ನ ಬೆರಳಿಗೆ ಹೋಯಿತು.

"ಅತ್ತೆ, ಐದೂಮುಕ್ಕಾಲು."

"ಸುಮ್ನಿರಿ. ಎಳೆಯುವಾಗ ಉಸಿರು ಬಿಡಬಾರದು."

"ನಾನು ಬಿಡಬಹುದಾ?"

ಒಂದು ಸೂಜಿ ಆಚೆಯಿಂದ, ಒಂದು ಈಚೆಯಿಂದ. ಬೂಟನ್ನು ಎದೆಗೊತ್ತಿ ಹಿಡಿದೆ. ಉಸಿರು ಬಿಗಿಹಿಡಿದು ಎಳೆದೆ. ಇನ್ನೊಮ್ಮೆ ಎಳೆದೆ. ಗಂಟು ಹಾಕಿ ಹಲ್ಲಿನಿಂದ ದಾರ ಕಡಿದೆ. ಮಾಸ್ತರು ಅವಸರದಲ್ಲಿ ಬೂಟನ್ನು ನನ್ನ ಮಡಿಲಿನಿಂದಲೇ ಎಳೆದು ಕಾಲಿಗೇರಿಸಿ, ಲೇಸು ಬಿಗಿದು, ಎದ್ದು ನಿಂತು ನೆಲ ಒದ್ದು ನೋಡಿದರು.

"ಭೇಷ್! ಮೂಕನ ಹೆಂಡತಿ ಅಂದ್ರೆ ಹೀಗಿರಬೇಕು."

ಅಂದು ಹೊರಟರು.

ನಾನೂ ಹೊರಟೆ.

ಯಾಕೆ ಅಂತ ನನಗೇ ತಿಳಿಯಲಿಲ್ಲ. ಮೊದಲು ಕುತ್ತಿಗೆ ಹೊರಟಿತು, ಆಮೇಲೆ ನಾನು. ಏಳುವಾಗ ನೆತ್ತಿ ಮೆಟ್ಟಿಲಿಗೆ ಠಣ್ಣನೆ ಬಡಿಯಿತು. ಮಾಸ್ತರದ್ದು ಬ್ಯಾಂಡಿನ ನಡಿಗೆ, ಎಡ, ಬಲ, ಎಡ, ಬಲ. ಬಲಗಾಲಿಗೆ ನನಗೆ ಸ್ವಲ್ಪ ಬಿಡುವು. ಎಡಗಾಲಿಗೆ ನಾನು ನೆಲ ನೋಡುತ್ತ ಮುಂದಕ್ಕೆ. ಹೀಗೆ ಎಂಟು ಹೆಜ್ಜೆ. ರಸ್ತೆಯ ಜನ ದಾರಿ ಬಿಟ್ಟರು. ಮಾಸ್ತರು ತಿರುಗಿ ನೋಡಿ, "ಬೀಳ್ಕೊಡೋಕೆ ಇಷ್ಟು ದೂರ ಯಾಕಮ್ಮಾ, ಅದೂ ಇಷ್ಟು ಬಗ್ಗಿಕೊಂಡು?" ಅಂದರು.

ಮಫ್ಲರಿನ ತುದಿಯನ್ನು ಬೂಟಿಗೆ ಸೇರಿಸಿ ಹೊಲಿದುಬಿಟ್ಟಿದ್ದೆ.

ಅಳಿಯಂದಿರು ಓಡಿಬಂದು ನೋಡಿದರು. ಎಳೆದರು. ಬರಲಿಲ್ಲ. "ಹೊಲಿಗೆ ಗಟ್ಟಿ ಇದೆ ಅತ್ತೆ!" ಅಂದರು. ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ನಾನು ಕೇಳಿದ್ದು ನೆಲಕ್ಕೆ ಮುಖ ಮಾಡಿಕೊಂಡು. ಮಗಳು ರಸ್ತೆಯಲ್ಲೇ ಕೂತುಬಿಟ್ಟಳು. ಬಿಕ್ಕಳಿಕೆ ಮತ್ತೆ ಶುರುವಾಗಿತ್ತು.

"ಬಿಚ್ಚಿ ಬೇರೆ ಹಾಕ್ತೀನಿ" ಅಂದೆ.

"ಆರು ಗಂಟೆ ಅಮ್ಮಾ!" ಅಂತ ಮಾಸ್ತರು ಕಾಲು ಕುಣಿಸಿದರು. ನಾನೂ ಕುಣಿದೆ. "ಕತ್ತರಿಸಿ ಬಿಡಿ!"

ಅಳಿಯಂದಿರು ಅಂಗಡಿಯಿಂದ ಕತ್ತರಿ ತಂದರು. ತಂದು ಕೈಯಲ್ಲೇ ಹಿಡಿದು ನಿಂತರು. ಮಗಳ ಮುಖ ನೋಡಿದರು. ಅವಳೂ ನಗು ನಿಲ್ಲಿಸಿದಳು. ಹನ್ನೊಂದು ತಿಂಗಳಿಂದ ಆ ಮಫ್ಲರಿನ ಹತ್ತಿರ ಯಾರ ಕೈಯನ್ನೂ ನಾನು ಬಿಟ್ಟಿರಲಿಲ್ಲ.

"ಕೊಡಿ ಇಲ್ಲಿ" ಅಂದೆ. ನಾನೇ ಕತ್ತರಿಸಿದೆ.

ಮಾಸ್ತರು ಓಡಿದರು. ಕಾರ್ಯಕ್ರಮ ಚೆನ್ನಾಯಿತಂತೆ. ಕರಿ ಬೂಟಿನ ಪಕ್ಕದಿಂದ ಇಣುಕುವ ಒಂದಿಂಚು ನೀಲಿ ಉಣ್ಣೆ ನೋಡಿ, ಇದೇನು ಮಾಸ್ತರೇ ಹೊಸ ಫ್ಯಾಶನ್ನಾ ಅಂತ ಕೇಳಿದರಂತೆ. ಹೌದು ಅಂದರಂತೆ. ಬಿಚ್ಚಿಸಲು ಬನ್ನಿ ಅಂತ ಎರಡು ಸಲ ಹೇಳಿಕಳಿಸಿದೆ. ಇರಲಿ ಬಿಡಿ ಅಂದರು.

ಸೋಮವಾರ ಮಾಲೀಕರಿಗೆ ಹೇಳಿಕಳಿಸಿದೆ, ಪೊರಕೆಗೆ ಬೇರೆ ಮನೆ ನೋಡಿ ಅಂತ. ಹತ್ತು ಗಂಟೆಗೆ ಹೋಗಿ ಕೂತೆ. ಮೊದಲ ಗಿರಾಕಿ ಅಳಿಯಂದಿರೇ. ಬಾಯಿ ಬಿಟ್ಟ ಹಳೇ ಬೂಟನ್ನು ಹಾಕಿಕೊಂಡೇ ಬಂದು ಕಾಲು ಚಾಚಿದರು.

"ಹೊಸದೆಲ್ಲ ಬಿಸ್ಕತ್ತು ಡಬ್ಬ ಅಂದ್ರಲ್ಲ, ಇದನ್ನೇ ಹೊಲಿದುಕೊಡಿ ಅತ್ತೆ. ಆದ್ರೆ ಮೊದಲು ಮಫ್ಲರ್ ತೆಗೀರಿ. ಡ್ಯೂಟಿಗೆ ನಿಮ್ಮನ್ನ ಎಳ್ಕೊಂಡು ಹೋಗೋಕಾಗಲ್ಲ."

ತೆಗೆದೆ. ಮಡಿಸಿ ಮೊಳೆಗೆ ಹಾಕಿದೆ. ಆ ಮೊಳೆಯಲ್ಲಿದ್ದ ಏಪ್ರನ್ನು ತೆಗೆದು ಕಟ್ಟಿಕೊಂಡೆ. ಕುತ್ತಿಗೆಗೆ ಗಾಳಿ ತಗುಲಿತು. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ಅವರ ಕಾಲನ್ನು ಮಡಿಲಿಗೆಳೆದುಕೊಂಡು ಒಂದು ಗಂಟೆ, ಉಸಿರು ಬಿಗಿಹಿಡಿದು, ಹನ್ನೆರಡು ಹೊಲಿಗೆ ಹಾಕಿದೆ. ಪಕ್ಕದ್ದು ಅಲುಗದಂಥ ಹೊಲಿಗೆ. ಹಲ್ಲಿನಿಂದ ದಾರ ಕಡಿದು, "ಏಳಿ" ಅಂದೆ.

ಎದ್ದರು. ಈ ಸಲ ಮಫ್ಲರ್ ಸೇರಿರಲಿಲ್ಲ.

ಏಪ್ರನ್ನು ಸೇರಿತ್ತು.